ಸ್ಪ್ಲೆಂಡರ್‌ಗೆ ಮನೆಯಲ್ಲೇ ಚೀಲ ಹೊಲಿದು ಹಾಕಬಹುದಾ?

ಪ್ರಶ್ನೆ: ನಾನು ಕೊಪ್ಪ ಕಡೆಯವನು. ಕಳೆ ಹೊಡೆಯುವ ಮೆಷಿನ್, ಸ್ಪ್ರೇ ಪಂಪು ರಿಪೇರಿ ಮಾಡುತ್ತೇನೆ. ತೋಟದಿಂದ ತೋಟಕ್ಕೆ ಸ್ಪ್ಲೆಂಡರ್‌ನಲ್ಲೇ ಓಡಾಟ. ತಿಂಗಳಿಗೊಮ್ಮೆ ಪಾರ್ಟ್ಸ್ ತರಲು ಆಗುಂಬೆ ಘಾಟಿ ಇಳಿದು ಉಡುಪಿಗೂ ಹೋಗಬೇಕು. ಟೂಲ್ಸು, ಬಿಡಿಭಾಗ ಎಲ್ಲ ಸೇರಿ ಹತ್ತು ಹನ್ನೆರಡು ಕೆಜಿ ಆಗುತ್ತದೆ. ಬೆನ್ನಿಗೆ ಹಾಕಿಕೊಂಡು ತಿರುಗಿ ಸೊಂಟ ಹಿಡಿದಿದೆ. ಅಂಗಡಿಯ ಸೈಡ್ ಬ್ಯಾಗ್ ಬೆಲೆ ನನಗೆ ಜಾಸ್ತಿ. ಮನೆಯವಳಿಗೆ ಹೊಲಿಗೆ ಬರುತ್ತದೆ. ಹಳೇ ಟಾರ್ಪಾಲು, ಸಿಮೆಂಟ್ ಚೀಲ, ಜೀನ್ಸ್ ಪ್ಯಾಂಟು ಮನೆಯಲ್ಲಿವೆ. ಎರಡೂ ಬದಿಗೆ ಚೀಲ ಹೊಲಿದು ಹಾಕೋಣ ಅಂದುಕೊಂಡಿದ್ದೇವೆ. ಆದರೆ ಗೆಳೆಯರು ‘ಬ್ಯಾಲೆನ್ಸ್ ತಪ್ಪುತ್ತೆ, ಸೈಲೆನ್ಸರ್‌ಗೆ ತಾಗಿ ಬೆಂಕಿ ಹತ್ತುತ್ತೆ, ಪೊಲೀಸರು ಹಿಡೀತಾರೆ’ ಅಂತ ಹೆದರಿಸುತ್ತಾರೆ. ವೆಲ್ಡಿಂಗ್ ಅಂಗಡಿಯವರು ಫ್ರೇಮಿಗೇ ಕಬ್ಬಿಣದ ಸ್ಟ್ಯಾಂಡ್ ಬೆಸೆದು ಕೊಡುತ್ತೇನೆ ಎನ್ನುತ್ತಾರೆ. ಭಾನುವಾರ ಮನೆಯವಳೂ ಹಿಂದೆ ಕೂರುತ್ತಾಳೆ. ಏನು ಮಾಡಲಿ?

ಉತ್ತರ: ಹೊಲಿಯಿರಿ. ಖಂಡಿತ ಹೊಲಿಯಬಹುದು. ಹನ್ನೆರಡು ಕೆಜಿ ಕಬ್ಬಿಣ ಬೆನ್ನಿಗೆ ಕಟ್ಟಿಕೊಂಡು ಘಾಟಿ ಇಳಿಯುವುದಕ್ಕಿಂತ ಅದನ್ನು ಗಾಡಿಯ ಮೇಲೆ ಹಾಕುವುದೇ ಒಳ್ಳೆಯದು. ಬಿದ್ದರೆ ಆ ಸ್ಪ್ಯಾನರುಗಳ ಮೇಲೇ ನಿಮ್ಮ ಬೆನ್ನುಮೂಳೆ ಬೀಳುತ್ತದೆ ಅಲ್ವಾ.

ಆದರೆ ನಿಮ್ಮ ಪತ್ರದಲ್ಲಿ ಬಟ್ಟೆ ಯಾವುದು, ಹೊಲಿಯುವವರು ಯಾರು ಎಂಬುದೆಲ್ಲ ಇದೆ. ಚೀಲ ಗಾಡಿಯಲ್ಲಿ ಎಲ್ಲಿ ನೇತಾಡುತ್ತದೆ ಎಂಬುದೇ ಇಲ್ಲ. ಶಿವಮೊಗ್ಗದಲ್ಲಿ ಬಹಳ ವರ್ಷ ದ್ವಿಚಕ್ರ ವರ್ಕ್‌ಶಾಪ್ ನಡೆಸಿದವನು ನಾನು. ಮನೆಯಲ್ಲಿ ಹೊಲಿದ ಚೀಲದಿಂದ ತೊಂದರೆಯಾಗಿ ಬಂದ ಗಾಡಿಗಳನ್ನು ನೋಡಿದ್ದೇನೆ. ಹೊಲಿಗೆ ಬಿಚ್ಚಿ ಬಂದವು ಕಡಿಮೆ. ಚೀಲ ಒಳಕ್ಕೆ ವಾಲಿ ಚಕ್ರಕ್ಕೆ ತಾಗಿದ್ದು, ಪಟ್ಟಿಯ ತುದಿ ಕಡ್ಡಿಗೆ ಸುತ್ತಿಕೊಂಡಿದ್ದು, ಸೈಲೆನ್ಸರ್ ಮೇಲೆ ಕೂತು ಕರಗಿದ್ದು, ಇವೇ ಹೆಚ್ಚು. ಮೂರೂ ಜಾಗದ ತಪ್ಪು, ಬಟ್ಟೆಯದ್ದಲ್ಲ. ಹಾಗಾಗಿ ಕತ್ತರಿ ಹಿಡಿಯುವ ಮೊದಲು ಗಾಡಿಯ ಪಕ್ಕ ಕೂತು ಅಳತೆ ತೆಗೆಯಿರಿ.

ಮೊದಲು ಗೆಳೆಯರ ಮಾತುಗಳನ್ನು ಒಂದೊಂದಾಗಿ ನೋಡೋಣ.

ಬ್ಯಾಲೆನ್ಸ್ ವಿಷಯ. ಒಂದೇ ಬದಿಗೆ 6 ಕೆಜಿ ಹಾಕಿದಿರಿ, ಆ ತೂಕ ಗಾಡಿಯ ನಡುಗೆರೆಯಿಂದ 25 ಸೆಂಟಿಮೀಟರ್ ಆಚೆ ಇದೆ ಅಂತಿಟ್ಟುಕೊಳ್ಳಿ. ಗಾಡಿ ಮತ್ತು ನೀವು ಸೇರಿ ಸುಮಾರು 180 ಕೆಜಿ. ಲೆಕ್ಕ ಹಾಕಿದರೆ ಒಟ್ಟು ತೂಕದ ನಡು ಪಕ್ಕಕ್ಕೆ ಸರಿಯುವುದು ಬರೀ 8 ಮಿಲಿಮೀಟರ್. ನೀವು ಸೀಟಿನಲ್ಲಿ ಸ್ವಲ್ಪ ಸರಿದು ಕೂತರೂ ಇಷ್ಟಾಗುತ್ತದೆ. ಹೀಗಾಗಿ ಒಂದು ಬದಿ ಸ್ವಲ್ಪ ಭಾರವಾದ ಮಾತ್ರಕ್ಕೆ ಗಾಡಿ ಉರುಳುವುದಿಲ್ಲ.

ನಿಜವಾಗಿ ಗಾಡಿ ಕೆಡಿಸುವುದು ಬೇರೆ ಎರಡು ಸಂಗತಿ. ಒಂದು, ಅಲ್ಲಾಡುವ ಭಾರ. ಬಿಗಿಯಾಗಿ ಕಟ್ಟಿದ ಹತ್ತು ಕೆಜಿ ಗಾಡಿಯ ಭಾಗವಾಗಿಬಿಡುತ್ತದೆ. ಜೋತಾಡುವ ನಾಲ್ಕು ಕೆಜಿ ಪ್ರತಿ ತಿರುವಿನಲ್ಲೂ ತಡವಾಗಿ ಬಂದು ತಳ್ಳುತ್ತದೆ. ಎರಡು, ಹಿಂದಿನ ಚಕ್ರದ ಅಚ್ಚಿಗಿಂತ ಹಿಂದೆ ಕೂತ ಭಾರ. ಸ್ಪ್ಲೆಂಡರ್‌ನ ಎರಡು ಚಕ್ರಗಳ ನಡುವಿನ ಅಂತರ ಸುಮಾರು 1236 ಮಿಲಿಮೀಟರ್. ಹತ್ತು ಕೆಜಿಯನ್ನು ಹಿಂದಿನ ಅಚ್ಚಿಗಿಂತ 30 ಸೆಂಟಿಮೀಟರ್ ಹಿಂದೆ ಇಟ್ಟರೆ ಮುಂದಿನ ಚಕ್ರದ ಮೇಲಿನ ಭಾರ ಸುಮಾರು ಎರಡೂವರೆ ಕೆಜಿ ಕಡಿಮೆಯಾಗುತ್ತದೆ. ಒಬ್ಬರೇ ಇದ್ದಾಗ ಗೊತ್ತಾಗುವುದಿಲ್ಲ. ಹಿಂದೆ ಒಬ್ಬರು ಕೂತು, ಉಡುಪಿಯಿಂದ ವಾಪಸ್ ಘಾಟಿ ಹತ್ತುವಾಗ ಒದ್ದೆ ತಿರುವಿನಲ್ಲಿ ಹ್ಯಾಂಡಲ್ ಹಗುರ ಅನ್ನಿಸುತ್ತದಲ್ಲ, ಅದು ಇದೇ. ಅದಕ್ಕೆ ಭಾರದ ಸಾಮಾನು ಚೀಲದ ತಳದಲ್ಲಿ, ಮುಂದಿನ ಮೂಲೆಯಲ್ಲಿ, ಅಂದರೆ ನಿಮ್ಮ ಕಾಲಿನ ಕಡೆ ಇರಲಿ. ಹಗುರವಾದ ಪೈಪು, ವಾಷರು, ರೈನ್‌ಕೋಟು ಹಿಂದಕ್ಕೆ ಹೋಗಲಿ.

ಗಾಡಿ ಈಗಾಗಲೇ ಅಲ್ಲಾಡುತ್ತಿದ್ದರೆ ಮಾತ್ರ ಚೀಲದ ಯೋಚನೆ ಆಮೇಲೆ. ಸ್ವಿಂಗ್ ಆರ್ಮ್ (ಹಿಂದಿನ ಚಕ್ರ ಹಿಡಿದು ಮೇಲೆ ಕೆಳಗೆ ಆಡುವ ತೋಳು) ಬುಷ್ ಸವೆದಿದ್ದರೆ, ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಜಾಗದ ಬೇರಿಂಗು) ಸಡಿಲವಿದ್ದರೆ, ಹಿಂದಿನ ಟೈರಿನಲ್ಲಿ ಗಾಳಿ ಕಡಿಮೆ ಇದ್ದರೆ ಆ ತಪ್ಪನ್ನು ಚೀಲ ಎತ್ತಿ ತೋರಿಸುತ್ತದೆ. ಜನ ಸುಮ್ನೆ ಚೀಲವನ್ನು ಬೈಯುತ್ತಾರೆ.

ಇನ್ನು ಬೆಂಕಿಯ ಮಾತು. ಇದು ಅರ್ಧ ನಿಜ. ಚೀಲ ಭಗ್ ಅಂತ ಹೊತ್ತಿಕೊಳ್ಳುವುದು ಅಪರೂಪ. ಮೊದಲು ಕರಗುತ್ತದೆ, ತೂತಾಗುತ್ತದೆ, ಒಳಗಿನ ಸಾಮಾನು ರಸ್ತೆಗೆ ಬೀಳುತ್ತದೆ. ಇಲ್ಲಿ ನಿಮ್ಮ ಬಟ್ಟೆಗಳ ಲೆಕ್ಕ ಮುಖ್ಯ. ಮನೆಗಳಲ್ಲಿ ಬಳಸುವ ನೀಲಿ, ಹಳದಿ ಟಾರ್ಪಾಲು ಹೆಚ್ಚಾಗಿ ಎಚ್‌ಡಿಪಿಇ ಪ್ಲಾಸ್ಟಿಕ್ಕು. ಅದು ಸುಮಾರು 130 ಡಿಗ್ರಿಗೆ ಕರಗುತ್ತದೆ. ಹೆಣೆದ ಸಿಮೆಂಟ್ ಚೀಲ ಪಾಲಿಪ್ರೊಪಿಲೀನ್, 160ರ ಆಸುಪಾಸು. ನೈಲಾನ್, ಪಾಲಿಯೆಸ್ಟರ್ 220ರಿಂದ 260ರವರೆಗೆ ತಡೆಯುತ್ತವೆ. ಜೀನ್ಸ್ ಹತ್ತಿ ಬಟ್ಟೆ, ಕರಗುವುದಿಲ್ಲ, ಕಮರುತ್ತದೆ. ಎಂಜಿನ್ ಹತ್ತಿರದ ಬಾಗಿದ ಕೊಳವೆ 200 ಡಿಗ್ರಿ ದಾಟುವುದು ಮಾಮೂಲು. ಹಿಂದಕ್ಕೆ ಹೋದಂತೆ ಶಾಖ ಕಡಿಮೆಯಾಗುತ್ತದೆ, ಆದರೆ ಘಾಟಿ ಹತ್ತಿ ನಿಲ್ಲಿಸಿದ ಗಾಡಿಯ ಸೈಲೆನ್ಸರ್ ಹಿಂಭಾಗವೂ ಕಾದ ಕಾವಲಿಯೇ. ಒಂದು ಹನಿ ನೀರು ಚಿಮುಕಿಸಿ ನೋಡಿ, ಚುರ್ ಅಂದು ಆರಿಹೋದರೆ 100 ದಾಟಿದೆ.

ಓಡುವಾಗ ಗಾಳಿ ಶಾಖವನ್ನು ಹಿಂದಕ್ಕೆ ಒಯ್ಯುತ್ತದೆ. ನಿಂತಾಗ ಬಿಸಿಗಾಳಿ ನೇರ ಮೇಲಕ್ಕೆ ಏಳುತ್ತದೆ. ಅಂದರೆ ಚೀಲ ಹೆಚ್ಚು ಬಿಸಿಯಾಗುವುದು ನೀವು ಗಾಡಿ ನಿಲ್ಲಿಸಿ ಟೀ ಕುಡಿಯುವಾಗ. ಹಲವರು ಇದನ್ನು ಯೋಚಿಸುವುದೇ ಇಲ್ಲ. ಸೈಲೆನ್ಸರ್ ಮತ್ತು ಚೀಲದ ತಳದ ನಡುವೆ ಪೂರ್ತಿ ತುಂಬಿದಾಗಲೂ ಒಂದು ಗೇಣಿನಷ್ಟು ಜಾಗ ಇರಬೇಕು. ಅಷ್ಟು ಸಿಗದಿದ್ದರೆ ನಡುವೆ ತೆಳು ಅಲ್ಯೂಮಿನಿಯಂ ಹಾಳೆ ಕೊಡಿಸಿ. ಅದನ್ನು ಚೀಲಕ್ಕೆ ಅಂಟಿಸಬೇಡಿ. ಹಾಳೆಗೂ ಚೀಲಕ್ಕೂ ಮಧ್ಯೆ ಒಂದು ಇಂಚು ಗಾಳಿ ಆಡಬೇಕು. ಕೆಲಸ ಮಾಡುವುದು ಆ ಗಾಳಿಯೇ, ಹಾಳೆಯ ದಪ್ಪ ಅಲ್ಲ.

ಇನ್ನೊಂದು ಮಾತು ನೀವು ಬರೆದಿಲ್ಲ, ಆದರೆ ನಿಮ್ಮ ಕೆಲಸ ನೋಡಿ ಹೇಳುತ್ತಿದ್ದೇನೆ. ಕಳೆ ಮೆಷಿನ್‌ಗೆ ಆಯಿಲ್ ಬೆರೆಸಿದ ಪೆಟ್ರೋಲನ್ನು ನೀರಿನ ಬಾಟಲಿಯಲ್ಲಿ ಒಯ್ಯುವ ರೂಢಿ ಇದೆ. ಆ ಬಾಟಲಿ ಈ ಚೀಲಕ್ಕೆ ಬೇಡವೇ ಬೇಡ. ಬಿಸಿಗೆ ಆವಿ ಒತ್ತಡ ಏರಿ ಮುಚ್ಚಳದಿಂದ ಸೋರಿದರೆ ಗೆಳೆಯರು ಹೇಳಿದ ಬೆಂಕಿ ನಿಜವಾಗುತ್ತದೆ. ಪೆಟ್ರೋಲ್ ತೋಟದವರೇ ಕೊಡಲಿ, ನೀವು ಆಯಿಲ್ ಮಾತ್ರ ಒಯ್ಯಿರಿ.

ಪೊಲೀಸರ ವಿಷಯ. ತೆಗೆದು ಹಾಕುವ ಬಟ್ಟೆ ಚೀಲದಿಂದ ಗಾಡಿಯ ರಚನೆ ಬದಲಾಗುವುದಿಲ್ಲ. ಆದರೆ ನಂಬರ್ ಪ್ಲೇಟು, ಹಿಂದಿನ ಲೈಟು, ಇಂಡಿಕೇಟರ್ ಮುಚ್ಚಿದರೆ ಅದು ತಪ್ಪು, ಹಿಡಿದರೆ ದೂರುವಂತಿಲ್ಲ. ಸೈಡ್ ಚೀಲ ಉಬ್ಬಿದಾಗ ಹಿಂದಿನ ಇಂಡಿಕೇಟರ್ ಪಕ್ಕದಿಂದ ಕಾಣುವುದಿಲ್ಲ. ಹತ್ತು ಹೆಜ್ಜೆ ಹಿಂದೆ ಹೋಗಿ ಓರೆಯಾಗಿ ನಿಂತು ನೋಡಿ. ಸ್ಯಾರಿ ಗಾರ್ಡ್ ಅಡ್ಡ ಬರುತ್ತದೆ ಅಂತ ಬಿಚ್ಚಿ ಎಸೆಯುವವರಿದ್ದಾರೆ. ಹಿಂದಿನ ಚಕ್ರದ ಅರ್ಧದಷ್ಟಾದರೂ ಬಟ್ಟೆ ಸಿಕ್ಕದಂತೆ ಮುಚ್ಚಿರಬೇಕು ಎಂಬುದು ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮದಲ್ಲೇ ಇದೆ. ಗಟ್ಟಿ ಡಬ್ಬಿ ಹಾಕುವ ಯೋಚನೆ ಮುಂದೆ ಬಂದರೆ, 2020ರಲ್ಲಿ ಇದೇ ನಿಯಮಕ್ಕೆ ತಿದ್ದುಪಡಿ ಬಂದಿದೆ: ಉದ್ದ 550, ಅಗಲ 510, ಎತ್ತರ 500 ಮಿಲಿಮೀಟರ್ ಮೀರಬಾರದು. ಹಿಂದೆ ಕೂರುವವರ ಜಾಗದಲ್ಲಿ ಡಬ್ಬಿ ಇಟ್ಟರೆ ಓಡಿಸುವವರೊಬ್ಬರೇ ಇರಬೇಕು.

ವೆಲ್ಡಿಂಗ್ ಬೇಡ. ಇದನ್ನು ಒತ್ತಿ ಹೇಳುತ್ತೇನೆ. ಈ ಗಾಡಿಗಳ ಹಿಂಭಾಗದ ಫ್ರೇಮ್ ತೆಳು ಕೊಳವೆ. ಅದಕ್ಕೆ ಬೆಸುಗೆ ಹಾಕಿದರೆ ಬೆಸುಗೆಯ ಪಕ್ಕದಲ್ಲೇ ಲೋಹ ದುರ್ಬಲವಾಗುತ್ತದೆ. ತಕ್ಷಣ ಏನೂ ಆಗುವುದಿಲ್ಲ. ನಿಮ್ಮೂರಿನ ರಸ್ತೆಯಲ್ಲಿ ತಿಂಗಳುಗಟ್ಟಲೆ ಕುಲುಕಿ ಒಂದು ದಿನ ಕೂದಲೆಳೆ ಬಿರುಕು ಬಿಡುತ್ತದೆ. ಜೊತೆಗೆ ಫ್ರೇಮಿಗೆ ಕೈ ಹಾಕಿದರೆ ಗಾಡಿಯ ರಚನೆ ಬದಲಿಸಬಾರದು ಎನ್ನುವ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಶ್ನೆಯೂ ಏಳುತ್ತದೆ, ನಾಳೆ ಇನ್ಶೂರೆನ್ಸ್‌ನವರೂ ತಕರಾರು ತೆಗೆಯಬಹುದು. ಕಬ್ಬಿಣ ಬೇಕೇ ಬೇಕು ಅನ್ನಿಸಿದರೆ ಆ ಅಂಗಡಿಯವರ ಹತ್ತಿರ ಬಿಡಿಯಾಗಿ ಒಂದು ಸ್ಟ್ಯಾಂಡ್ ಮಾಡಿಸಿ, ಹಿಂದಿನ ಹಿಡಿಕೆಯ ಬೋಲ್ಟುಗಳಿಗೇ ಸೇರಿಸಿ ಬಿಗಿಯಿರಿ. ಬೋಲ್ಟ್ ಸ್ವಲ್ಪ ಉದ್ದದ್ದು ಬೇಕಾಗುತ್ತದೆ, ಅಷ್ಟೇ.

ಈಗ ಜಾಗ. ನಿಮ್ಮ ಗಾಡಿಯಲ್ಲಿ ಎಡಕ್ಕೆ ಚೈನು, ಸ್ಯಾರಿ ಗಾರ್ಡು. ಬಲಕ್ಕೆ ಸೈಲೆನ್ಸರ್, ಕಿಕ್ಕರ್, ಹಿಂದಿನ ಬ್ರೇಕಿನ ರಾಡು. ಎರಡು ಬದಿಯೂ ಒಂದೇ ಅಲ್ಲ, ಹಾಗಾಗಿ ಎರಡು ಚೀಲವೂ ಒಂದೇ ಅಳತೆ ಇರಬೇಕಿಲ್ಲ. ಎಡಗಡೆ ಸ್ಯಾರಿ ಗಾರ್ಡ್ ನಿಮಗೆ ಸಿಕ್ಕಿರುವ ದೊಡ್ಡ ಅನುಕೂಲ. ಚೀಲವನ್ನು ಚಕ್ರದಿಂದ ದೂರ ಇಡುವ ಗೋಡೆ ಅದು. ದುಬಾರಿ ಬ್ಯಾಗ್ ಕೊಂಡವರು ಅಂಥ ಒಂದು ಕಂಬಿಗೆ ಬೇರೆ ದುಡ್ಡು ಕೊಡುತ್ತಾರೆ. ಎಡಕ್ಕೆ ಆಳದ ಚೀಲ, ಬಲಕ್ಕೆ ಸೈಲೆನ್ಸರ್‌ನಿಂದ ಗೇಣು ಮೇಲೆ ನಿಲ್ಲುವ ಗಿಡ್ಡ ಚೀಲ ಹೊಲಿಯಿರಿ. ಬಲಗಡೆ ಒಳಕ್ಕೆ ವಾಲದಂತೆ ತಡೆಯಲು ಒಂದು ಬಾಗಿಸಿದ ಕಂಬಿ ಬೇಕೇ ಬೇಕು. ಅದನ್ನು ಮಾಡಿಸುವ ಮನಸ್ಸಿಲ್ಲದಿದ್ದರೆ ಬಲಗಡೆ ಚೀಲವೇ ಬೇಡ. ಎಡಕ್ಕೆ 6 ಕೆಜಿ ಹಾಕಿ, ಉಳಿದದ್ದನ್ನು ಒಂದು ಉರುಟು ಚೀಲದಲ್ಲಿ ನಿಮ್ಮ ಬೆನ್ನಿಗೆ ತಾಗುವಂತೆ ಸೀಟಿನ ಮೇಲೇ ಅಡ್ಡ ಕಟ್ಟಿ. ನನ್ನನ್ನು ಕೇಳಿದರೆ ವಾರದ ದಿನಗಳಿಗೆ ಇದೇ ಒಳ್ಳೆಯ ದಾರಿ.

ಮೊದಲು ಹಳೇ ರಟ್ಟಿನ ಪೆಟ್ಟಿಗೆ ಕತ್ತರಿಸಿ ಚೀಲದ ಆಕಾರ ಮಾಡಿ ಗಾಡಿಗೆ ಕಟ್ಟಿ ನೋಡಿ. ಇಬ್ಬರು ಸೀಟಿನ ಮೇಲೆ ಕೂತು ಜೋರಾಗಿ ಕುಕ್ಕಿ. ಮೂರನೆಯವರು ಕೆಳಗೆ ಕೂತು ನೋಡಲಿ. ಹೊಂಡಕ್ಕೆ ಬಿದ್ದಾಗ ಚಕ್ರ ಮೇಲಕ್ಕೆ ಬರುತ್ತದೆ, ಚೀಲ ಸೀಟಿನ ಜೊತೆ ಕೆಳಕ್ಕೆ ಇಳಿಯುತ್ತದೆ. ನಿಂತ ಗಾಡಿಯಲ್ಲಿ ನಾಲ್ಕು ಬೆರಳು ಅಂತರ ಕಂಡಿದ್ದು ಆಗ ಉಳಿಯುತ್ತದೆಯೇ? ರಟ್ಟಿನ ಹಿಂಬದಿ ಶಾಕ್ ಅಬ್ಸಾರ್ಬರ್‌ಗೆ ಉಜ್ಜುತ್ತದೆಯೇ? ಕಿಕ್ ಹೊಡೆಯುವಾಗ ಹಿಮ್ಮಡಿ ತಾಗುತ್ತದೆಯೇ? ಬ್ರೇಕ್ ರಾಡು ಸಲೀಸಾಗಿ ಆಡುತ್ತದೆಯೇ? ರಟ್ಟು ಹಾಳಾದರೆ ನಷ್ಟವಿಲ್ಲ.

ಕಟ್ಟುವ ಜಾಗಕ್ಕೂ ಇದೇ ಪರೀಕ್ಷೆ. ಗಾಡಿಯಲ್ಲಿ ಕೆಲವು ಭಾಗ ಸೀಟಿನ ಜೊತೆ ಆಡುತ್ತವೆ, ಕೆಲವು ಚಕ್ರದ ಜೊತೆ. ಚೀಲದ ಒಂದು ತುದಿ ಸೀಟಿನ ಕಡೆ, ಇನ್ನೊಂದು ತುದಿ ಸ್ವಿಂಗ್ ಆರ್ಮ್ ಕಡೆ ಕಟ್ಟಿದರೆ ಪ್ರತಿ ಹೊಂಡಕ್ಕೂ ಪಟ್ಟಿ ಜಗ್ಗಿ ಒಂದು ದಿನ ಹರಿಯುತ್ತದೆ. ಹಿಂದಿನ ಫುಟ್‌ರೆಸ್ಟ್ ಕೆಲವು ಗಾಡಿಗಳಲ್ಲಿ ಸ್ವಿಂಗ್ ಆರ್ಮ್‌ಗೇ ಇರುತ್ತದೆ. ಕುಕ್ಕಿ ನೋಡಿ, ಅದು ಯಾವುದರ ಜೊತೆ ಬರುತ್ತದೆ ಅಂತ ಕಣ್ಣಿಗೇ ಕಾಣುತ್ತದೆ. ಶಾಕ್ ಅಬ್ಸಾರ್ಬರ್‌ಗೆ, ಇಂಡಿಕೇಟರ್ ಕಾಲಿಗೆ ಏನನ್ನೂ ಕಟ್ಟಬೇಡಿ.

ಮುಖ್ಯ ಪಟ್ಟಿಗಳು ಸೀಟಿನ ಅಡಿಯಲ್ಲಿ ಹಾಯಲಿ. ಸೀಟು ಬಿಚ್ಚಿ, ಎರಡು ಅಗಲ ಪಟ್ಟಿ ಫ್ರೇಮಿನ ಮೇಲೆ ಅಡ್ಡ ಹಾಕಿ, ವೈರಿಂಗ್ ಅಡಿ ಸಿಗದಂತೆ ನೋಡಿ ಮತ್ತೆ ಸೀಟು ಕೂರಿಸಿ. ಆಮೇಲೆ ಹಿಂದಿನ ಹಿಡಿಕೆಗೆ ಒಂದು, ಕೆಳಗೆ ಗಾರ್ಡಿಗೆ ಒಂದು ಕಟ್ಟು. ಹೀಗೆ ಮೂರು ಕಡೆ ಹಿಡಿದರೆ ಚೀಲ ಜೋತಾಡುವುದಿಲ್ಲ. ಕೊಕ್ಕೆಯ ಎಲಾಸ್ಟಿಕ್ ಹಗ್ಗವನ್ನು ಮಾತ್ರ ನಂಬಬೇಡಿ. ಬಿಗಿದು ಕಟ್ಟುವಾಗ ಕೊಕ್ಕೆ ಜಾರಿ ಕಣ್ಣಿಗೆ ಹೊಡೆಯುತ್ತದೆ, ಓಡುವಾಗ ಕಳಚಿದರೆ ನೇರ ಚಕ್ರಕ್ಕೆ. ನನ್ನ ವರ್ಕ್‌ಶಾಪಿಗೆ ಒಮ್ಮೆ ಒಬ್ಬ ಹುಡುಗ ಗಾಡಿಯನ್ನು ಆಟೋದಲ್ಲಿ ಹೇರಿಕೊಂಡು ಬಂದ. ಹೊಸ ಚೀಲ, ಚೆಂದದ ಹೊಲಿಗೆ. ಬಕಲ್‌ನಿಂದ ಆಚೆ ಒಂದು ಗೇಣು ಪಟ್ಟಿ ಬಾಲದ ಹಾಗೆ ಬಿಟ್ಟಿದ್ದ. ಅದು ಕಡ್ಡಿಗೆ ಸುತ್ತಿಕೊಂಡು ಹಿಂದಿನ ಚಕ್ರ ಹಿಡಿದು ನಿಂತಿತ್ತು. ಹಂಪ್ ಹತ್ತಿರ ನಿಧಾನಕ್ಕೆ ಹೋಗುತ್ತಿದ್ದ, ಮಂಡಿ ತರಚಿಕೊಂಡು ಬಚಾವಾದ. ಆ ಪಟ್ಟಿಯನ್ನು ಕತ್ತರಿಸಿ ತೆಗೆದಿದ್ದು ನಾನೇ, ಇವತ್ತಿಗೂ ಜೋತುಬಿದ್ದ ಪಟ್ಟಿ ಕಂಡರೆ ಯಾರದ್ದೇ ಗಾಡಿಯಾದರೂ ನಿಲ್ಲಿಸಿ ಹೇಳುತ್ತೇನೆ. ಪ್ರತಿ ತುದಿಯನ್ನೂ ಮಡಚಿ ಹೊಲಿದು, ಬಕಲ್ ಹಿಂದೆ ಸಿಕ್ಕಿಸಿ.

ಇನ್ನು ನಿಮ್ಮ ಮನೆಯವರ ಪಾಲಿನ ಕೆಲಸ. ಹೊರಮೈಗೆ ಸಿಮೆಂಟ್ ಚೀಲ ಬೇಡ, ಬಿಸಿಲಿಗೆ ಕೆಲವೇ ತಿಂಗಳಲ್ಲಿ ಪುಡಿಪುಡಿಯಾಗುತ್ತದೆ. ಜೀನ್ಸ್ ಗಟ್ಟಿ, ಆದರೆ ಮಲೆನಾಡಿನ ಮಳೆಯಲ್ಲಿ ನೆನೆದು ಭಾರವಾಗಿ, ಒಣಗದೆ ಬೂಸ್ಟು ಹಿಡಿಯುತ್ತದೆ. ಅದನ್ನು ಒಳಪದರಕ್ಕೆ, ಟೂಲ್ಸ್ ಉಜ್ಜುವ ತಳಕ್ಕೆ ಬಳಸಿ. ಹೊರಮೈಗೆ ಲಾರಿಗೆ ಹೊದಿಸುವ ಕ್ಯಾನ್ವಾಸ್ ತುಂಡು ಸಿಕ್ಕರೆ ಉತ್ತಮ. ಹಳೆಯದಾದರೆ ಒಂದು ಮೂಲೆಯನ್ನು ಕೈಯಲ್ಲಿ ಜಗ್ಗಿ, ಹರಿದರೆ ಬಿಟ್ಟುಬಿಡಿ. ನಿಮ್ಮ ಟಾರ್ಪಾಲು ವ್ಯರ್ಥವಲ್ಲ, ಮಳೆಗಾಲಕ್ಕೆ ಎಡ ಚೀಲದ ಮೇಲೆ ಹೊದಿಸುವ ಟೋಪಿ ಮಾಡಿ. ಹೊಲಿಗೆಯ ತೂತುಗಳಿಂದ ನೀರು ಇಳಿದೇ ಇಳಿಯುತ್ತದೆ, ಪೂರ್ತಿ ತಡೆಯಲು ಹೋಗಬೇಡಿ. ಸಾಮಾನನ್ನು ಒಳಗೆ ದಪ್ಪ ಪ್ಲಾಸ್ಟಿಕ್ ಕವರಿನಲ್ಲಿಟ್ಟು, ಚೀಲದ ತಳದಲ್ಲಿ ನೀರು ಹೋಗಲು ಒಂದು ಸಣ್ಣ ರಂಧ್ರ ಬಿಡಿ.

ದಾರ ಪಾಲಿಯೆಸ್ಟರ್ ಇರಲಿ. ಹತ್ತಿ ದಾರ ಕೊಳೆಯುತ್ತದೆ. ಮನೆ ಮೆಷಿನ್‌ಗೆ 18ನೇ ನಂಬರ್ ಸೂಜಿ ಹಾಕಿದರೆ ಎರಡು ಪದರ ದಾಟುತ್ತದೆ. ಪಟ್ಟಿ ಸೇರುವ ಜಾಗದಲ್ಲಿ ನಾಲ್ಕೈದು ಪದರ ಆಗುತ್ತದೆ, ಅಲ್ಲಿ ಸೂಜಿ ಮುರಿಯುತ್ತದೆ, ಹೊಲಿಗೆಯೂ ಬಿಗಿಯಾಗಿ ಕೂರುವುದಿಲ್ಲ. ಅಷ್ಟನ್ನು ಮಾತ್ರ ಸೀಟ್ ಕವರ್ ಅಂಗಡಿಯಲ್ಲೋ ಚಪ್ಪಲಿ ಹೊಲಿಯುವವರ ಹತ್ತಿರವೋ ಮಾಡಿಸಿ. ಚೌಕದ ಹೊಲಿಗೆ, ಅದರೊಳಗೆ ಅಡ್ಡಡ್ಡ ಗೀರು ಹೊಲಿಗೆ ಅಂತ ಹೇಳಿ, ಅವರಿಗೆ ಗೊತ್ತಾಗುತ್ತದೆ. ಪಟ್ಟಿಯನ್ನು ಚೀಲದ ಬಾಯಿಗೆ ಮಾತ್ರ ಹೊಲಿಯಬೇಡಿ. ಮೇಲಿನಿಂದ ಹೊರಟು ತಳ ಸುತ್ತಿ ಇನ್ನೊಂದು ಬದಿಗೆ ಬರಲಿ, ತೊಟ್ಟಿಲಿನ ಹಾಗೆ. ಆಗ ಭಾರ ಪಟ್ಟಿಯ ಮೇಲೆ, ಬಟ್ಟೆ ಬರೀ ಮುಚ್ಚಿಗೆ. ಚಕ್ರದ ಕಡೆಯ ಒಳಮೈಗೆ ಒಂದು ತೆಳು ಪ್ಲೈವುಡ್ಡೋ ಹಳೇ ಪ್ಲಾಸ್ಟಿಕ್ ಡಬ್ಬದ ಹಾಳೆಯೋ ಸೇರಿಸಿ ಹೊಲಿದರೆ ಚೀಲ ಒಳಕ್ಕೆ ಉಬ್ಬುವುದಿಲ್ಲ. ಸ್ಕ್ರೂಡ್ರೈವರ್, ಬ್ಲೇಡು ಇಂಥವನ್ನು ಸುತ್ತಿ, ಮೊನೆ ಹೊರಗಡೆಗಿರುವಂತೆ ಇಡಿ.

ಭಾನುವಾರದ ವಿಷಯ ಬೇರೆ. ನಿಮ್ಮ ಮನೆಯವರು ಒಂದೇ ಬದಿಗೆ ಕೂರುವುದಾದರೆ ಎರಡೂ ಕಾಲು ಎಡಗಡೆ, ಎಡ ಚೀಲ ಇರುವ ಜಾಗದಲ್ಲೇ. ಕಾಲು ಚೀಲಕ್ಕೆ ತಾಗಿ ಫುಟ್‌ರೆಸ್ಟ್ ಮೇಲೆ ಸರಿಯಾಗಿ ನಿಲ್ಲುವುದಿಲ್ಲ. ತೂಕವೂ ಇದೆ. ಈ ಗಾತ್ರದ ಗಾಡಿಗಳು ಹೊರುವ ಒಟ್ಟು ಭಾರ ಸಾಮಾನ್ಯವಾಗಿ 130 ಕೆಜಿ ಆಸುಪಾಸು, ಅದರಲ್ಲಿ ನೀವೂ ಸೇರಿದ್ದೀರಿ. ನಿಮ್ಮ ಮ್ಯಾನುಯಲ್‌ನಲ್ಲಿರುವ ಅಂಕಿ ನೋಡಿಕೊಳ್ಳಿ. ನೀವು 70, ಅವರು 55 ಅಂತಾದರೆ ಉಳಿಯುವುದು ಐದು ಕೆಜಿ. ಹಾಗಾಗಿ ಭಾನುವಾರ ಟೂಲ್ಸ್ ಮನೆಯಲ್ಲಿರಲಿ. ಅದಕ್ಕೇ ಬಕಲ್ ಹಾಕಿ, ಗಂಟು ಹಾಕಬೇಡಿ. ಎರಡು ನಿಮಿಷದಲ್ಲಿ ಬಿಚ್ಚುವಂತಿದ್ದರೆ ಮಾತ್ರ ನೀವು ನಿಜವಾಗಿ ಬಿಚ್ಚುತ್ತೀರಿ.

ಭಾರ ಹಾಕಿದ ಮೇಲೆ ಹಿಂದಿನ ಟೈರಿಗೆ ಚೈನ್ ಕವರ್ ಹತ್ತಿರದ ಸ್ಟಿಕ್ಕರ್‌ನಲ್ಲಿ ಬರೆದಷ್ಟು ಗಾಳಿ ಹಾಕಿಸಿ, ಎರಡೂ ಶಾಕ್ ಅಬ್ಸಾರ್ಬರ್ ಒಂದು ಮೆಟ್ಟಿಲು ಗಟ್ಟಿ ಮಾಡಿ, ಎರಡೂ ಕಡೆ ಒಂದೇ ಸಮ. ಹಿಂಭಾಗ ತಗ್ಗಿದರೆ ಹೆಡ್‌ಲೈಟ್ ಮೇಲಕ್ಕೆ ಹೊಡೆಯುತ್ತದೆ, ಘಾಟಿಯಲ್ಲಿ ಎದುರಿನವರ ಕಣ್ಣು ಕುಕ್ಕುತ್ತದೆ, ಅದನ್ನೂ ಸ್ವಲ್ಪ ತಗ್ಗಿಸಿ. ತೋಟದ ಹಸಿ ಮಣ್ಣಿನಲ್ಲಿ ಸೈಡ್ ಸ್ಟ್ಯಾಂಡ್ ಹಾಕಿದರೆ ಎಡ ಚೀಲದ ಭಾರಕ್ಕೆ ಕಾಲು ಹೂತು ಗಾಡಿ ಮಲಗುತ್ತದೆ. ಅಲ್ಲಿ ಸೆಂಟರ್ ಸ್ಟ್ಯಾಂಡ್ ಹಾಕಿ, ಇಲ್ಲವೇ ಒಂದು ಹಲಗೆ ತುಂಡು ಚೀಲದಲ್ಲೇ ಇರಲಿ.

ಚೀಲ ಕಟ್ಟಿದ ಮೊದಲ ದಿನ ಉಡುಪಿಗೆ ಹೊರಡಬೇಡಿ. ಚೀಲದ ಹೊರಗಿನಿಂದ, ಚಕ್ರದ ಕಡೆಯ ಮೈಗೆ ಸೀಮೆಸುಣ್ಣ ಬಳಿದು, ಪೂರ್ತಿ ಭಾರ ತುಂಬಿ, ನಿಮ್ಮೂರಿನ ಕೆಟ್ಟ ರಸ್ತೆಯಲ್ಲೇ ಹತ್ತು ಕಿಲೋಮೀಟರ್ ಹೋಗಿ ಬನ್ನಿ. ಬಿಚ್ಚಿ ನೋಡಿ. ಸುಣ್ಣ ಗಾರ್ಡ್ ತಾಗಿದ ಕಡೆ ಮಾತ್ರ ಅಳಿಸಿದ್ದರೆ ಸರಿ. ಟೈರಿನ ಕಪ್ಪು ಗೆರೆ ಒಂದು ಕಂಡರೂ ಪಟ್ಟಿ ಗಿಡ್ಡ ಮಾಡಿ ಮತ್ತೆ ಹತ್ತು ಕಿಲೋಮೀಟರ್ ಹೋಗಿ.